ಎರಡು ಜಡೆ ಸೇರಿದಾಗ



ಎರಡು ಜಡೆ ಒಂದು ಕಡೆ ಸೇರೋದಿಲ್ಲ ಅಂತ ಗಾದೆ ಕಟ್ಟಿದವರು ಯಾರೋ ಗಂಡಸರೇ ಇರಬೇಕು. ಅತ್ತೆ-ಸೊಸೆ, ಅತ್ತಿಗೆ-ನಾದಿನಿ, ಓರಗಿತ್ತಿಯರು, ಪಕ್ಕದ ಮನೆ-ಎದುರು ಮನೆ, ಹೀಗೆ ಇಬ್ಬರು ಹೆಂಗಸರ ಕಥೆ ಅಂದಕೂಡಲೇ ಅದು ಜಗಳದ ಕಥೆ ಎಂದೇ ಲೆಕ್ಕ. ಆ ಜಗಳವೇ ಕರಗಿ ಒಲವಾದರೆ? ನಾನು ಹೇಳುತ್ತಿರುವುದು ಬರೀ ಗೆಳೆತನವಲ್ಲ. ಗಂಡು-ಹೆಣ್ಣಿನ ನಡುವೆ ಯಾವುದಕ್ಕೆ ಪ್ರೇಮ ಅಂತೀವೋ ಅದೇ. ಇಂಥ ಕಾದಂಬರಿ, ಸಿನಿಮಾಗಳು ಈಗ ಬೇಕಾದಷ್ಟು ಬರುತ್ತಿವೆ. ಮನೆಯಲ್ಲಿ ಮಗಳು ಫೋನು ಹಿಡಿದು ಓದುತ್ತಿರುವುದು ಅದೇ ಇರಬಹುದು. ಹುಬ್ಬೇರಿಸುವ ಮೊದಲು, ಆ ಕಥೆಗಳಲ್ಲಿ ಏನಿದೆ ಅಂತ ನಾವೂ ಸ್ವಲ್ಪ ತಿಳಿದುಕೊಳ್ಳೋಣ.

ಜಗಳದಿಂದ ಶುರುವಾಗುವ ಪ್ರೇಮ ನಮಗೇನೂ ಹೊಸದಲ್ಲ. 1976ರ ‘ಬಹದ್ದೂರ್ ಗಂಡು’ ನೆನಪಿದೆಯಲ್ಲವೇ? ರಾಜ್‌ಕುಮಾರ್ ಎದುರು ಜಯಂತಿ ಎಷ್ಟು ಜಂಬದಿಂದ ಮೆರೆದರು! 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ ಗಂಡನಿಗೆ ನೀರು ಕುಡಿಸಿದ್ದನ್ನು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಆದರೆ ಕೊನೆಗೆ ಏನಾಗುತ್ತೆ, ಯೋಚಿಸಿ ನೋಡಿ. ಜಂಬದ ಹೆಣ್ಣು ತಲೆ ತಗ್ಗಿಸುತ್ತಾಳೆ, ಗಂಡು ಮೀಸೆ ತಿರುವುತ್ತಾನೆ. ಜಗಳ ಆಡಿದವರು ಇಬ್ಬರು, ಬಗ್ಗಿದವಳು ಒಬ್ಬಳೇ!

ಇಬ್ಬರೂ ಹೆಂಗಸರೇ ಆದಾಗ ಈ ಲೆಕ್ಕ ತಪ್ಪುತ್ತದೆ. ಇಲ್ಲಿ ಪಳಗಿಸುವವರು ಯಾರು, ಪಳಗುವವರು ಯಾರು? ಮೊದಲೇ ಬರೆದಿಟ್ಟ ಉತ್ತರವಿಲ್ಲ. ಹಾಗಾಗಿ ಇಬ್ಬರೂ ಅಷ್ಟಷ್ಟು ಬಗ್ಗಬೇಕು. ಇಂಥ ಕಥೆಗಳ ರುಚಿ ಇರುವುದೇ ಅಲ್ಲಿ.

ಇವು ಸಣ್ಣ ಊರಿನಲ್ಲಿ ನಡೆದರೆ ಇನ್ನೂ ಚೆನ್ನ. ದೊಡ್ಡ ಪಟ್ಟಣದಲ್ಲಿ ಆಗದವಳನ್ನು ಕಂಡರೆ ಬೇರೆ ರಸ್ತೆ ಹಿಡಿದು ಹೋಗಬಹುದು. ನಮ್ಮಂಥ ಊರುಗಳಲ್ಲಿ ಹಾಗಾಗುತ್ತದೆಯೇ? ಹಿಟ್ಟಿನ ಗಿರಣಿಯಲ್ಲಿ ಅವಳೇ, ಸಂತೆಯಲ್ಲಿ ಅವಳೇ, ರಥೋತ್ಸವದ ದಿನ ಪಕ್ಕದಲ್ಲಿ ನಿಂತವಳೂ ಅವಳೇ. ಮುಖ ತಿರುಗಿಸಬೇಕಾದರೂ ಮೊದಲು ಮುಖ ನೋಡಲೇಬೇಕಲ್ಲ! ಆಗದವಳು ಯಾವ ಸೀರೆ ಉಟ್ಟಿದ್ದಾಳೆ, ಯಾಕೆ ಸೊರಗಿದ್ದಾಳೆ ಅಂತ ನಮಗೆ ಗೊತ್ತಿರುವಷ್ಟು ಅವಳ ಗಂಡನಿಗೂ ಗೊತ್ತಿರುವುದಿಲ್ಲ. ಒಳ್ಳೆಯ ಕಥೆಗಾರರು ಈ ನೋಟವನ್ನೇ ಹಿಡಿದು ಒಲವಿನ ತನಕ ಎಳೆ ಎಳೆಯಾಗಿ ನೂಲು ತೆಗೆಯುತ್ತಾರೆ.

ನಮ್ಮ ದೇಶದ್ದೇ ಎರಡು ಕಥೆ ಹೇಳುತ್ತೇನೆ.

ಮೊದಲನೆಯದು ‘ಗೀಲಿ ಪುಚ್ಚಿ’, ನೀರಜ್ ಘಾಯ್ವಾನ್ ಅವರ ಹಿಂದಿ ಚಿತ್ರ. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಅಜೀಬ್ ದಾಸ್ತಾನ್ಸ್’ ಎಂಬ ನಾಲ್ಕು ಕಥೆಗಳ ಗುಚ್ಛದಲ್ಲಿ ಇದೂ ಒಂದು. ಕೊಂಕಣಾ ಸೇನ್ ಶರ್ಮಾ ಮಾಡಿದ ಭಾರತಿ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ದುಡಿಯುವವಳು. ಓದಿದ್ದಾಳೆ, ಆಫೀಸಿನ ಕೆಲಸ ಕೇಳುತ್ತಾಳೆ, ಸಿಗುವುದಿಲ್ಲ. ಆ ಕುರ್ಚಿಗೆ ಬಂದು ಕೂತವಳು ಅದಿತಿ ರಾವ್ ಹೈದರಿ ಮಾಡಿದ ಪ್ರಿಯಾ ಶರ್ಮಾ, ಮೇಲು ಜಾತಿಯ ಮದುವೆಯಾದ ಹೆಣ್ಣು. ಭಾರತಿಗೆ ಹೊಟ್ಟೆ ಉರಿಯದೆ ಇದ್ದೀತೇ? ಆದರೂ ಪ್ರಿಯಾಳ ಮುಗ್ಧ ನಗೆಗೆ ಅವಳ ಬಿಗಿದ ಮುಖ ಸಡಿಲವಾಗುತ್ತದೆ. ಇಬ್ಬರೂ ಹತ್ತಿರವಾಗುತ್ತಾರೆ. ಆಮೇಲೆ ಒಂದು ದಿನ ಭಾರತಿ ತಾನು ದಲಿತಳು ಅಂತ ಬಾಯಿಬಿಟ್ಟು ಹೇಳುತ್ತಾಳೆ. ಅಷ್ಟಕ್ಕೇ ಪ್ರಿಯಾಳ ನಡೆ ಬದಲಾಗುತ್ತದೆ. ಭಾರತಿಯೂ ಸುಮ್ಮನಿರುವವಳಲ್ಲ. ತಾನೂ ಲೆಕ್ಕ ಹಾಕಿ, ಉಪಾಯದಿಂದ ಆ ಕುರ್ಚಿ ಹಿಡಿಯುತ್ತಾಳೆ. ಕೊನೆಯಲ್ಲಿ ಪ್ರಿಯಾಳ ಮನೆಯಲ್ಲಿ ಎಲ್ಲರಿಗೂ ಪಿಂಗಾಣಿ ಕಪ್ಪು, ಭಾರತಿಗೆ ಮಾತ್ರ ಸ್ಟೀಲು ಲೋಟ. ಆ ಲೋಟ ನೋಡಿದಾಗ ನನಗೆ ಗಂಟಲು ಕಟ್ಟಿತು. ಒಲವು ಇಲ್ಲದೆ ಅವರು ದೂರವಾಗಲಿಲ್ಲ. ಒಬ್ಬಳು ತನ್ನ ಮೆಟ್ಟಿಲಿನಿಂದ ಇಳಿಯಲು ಒಪ್ಪದೆ ದೂರವಾದರು.

ಎರಡನೆಯದು ರಾಜಸ್ಥಾನದ ಕಥೆ, ವಿಜಯದಾನ್ ದೇಥಾ ಬರೆದ ‘ದೋಹರಿ ಜೂಣ್’. ದೇಥಾ (1926–2013) ಬೋರೂಂದಾ ಎಂಬ ಹಳ್ಳಿಯಲ್ಲೇ ಕೂತು ಜನಪದ ಕಥೆಗಳನ್ನು ಹೊಸದಾಗಿ ಬರೆದವರು. ಶಾರುಖ್ ಖಾನ್ ಅವರ ‘ಪಹೇಲಿ’ ಸಿನಿಮಾ ಅವರ ಕಥೆಯೇ. ಇಲ್ಲಿ ಇಬ್ಬರು ಸೇಠರು ಹುಟ್ಟುವ ಮೊದಲೇ ಮಕ್ಕಳ ಮದುವೆ ಗೊತ್ತು ಮಾಡಿಕೊಳ್ಳುತ್ತಾರೆ. ಇಬ್ಬರಿಗೂ ಹೆಣ್ಣೇ ಹುಟ್ಟುತ್ತದೆ. ಒಬ್ಬ ದುರಾಸೆಯವನು ಮಗಳನ್ನು ಗಂಡು ಅಂತ ಸುಳ್ಳು ಹೇಳಿ ಬೆಳೆಸಿ ಮದುವೆ ಮಾಡಿಬಿಡುತ್ತಾನೆ. ಇಲ್ಲಿ ಜಗಳದ ಬದಲು ಮೋಸವಿದೆ. ಆದರೆ ಮೋಸ ಮಾಡಿದವರು ಹಿರಿಯರು. ಮದುವೆಯಾದ ರಾತ್ರಿ ನಿಜ ತಿಳಿದ ಹುಡುಗಿಯರು ಒಬ್ಬರನ್ನೊಬ್ಬರು ದೂರುವ ಬದಲು ಒಬ್ಬರಿಗೊಬ್ಬರು ಒಲಿಯುತ್ತಾರೆ. ಊರು ಸಹಿಸುವುದಿಲ್ಲ, ಭೂತಗಳ ಸರದಾರ ಆಶ್ರಯ ಕೊಡುತ್ತಾನೆ! ಮುಂದೆ ಒಬ್ಬಳು ಅವನ ಮಾಯೆಯಿಂದ ಗಂಡಾಗುತ್ತಾಳೆ. ಗಂಡಾದದ್ದೇ ತಡ, ದರ್ಪವೂ ಜೊತೆಗೇ ಬಂತು. ಮತ್ತೆ ಹೆಣ್ಣಾದ ಮೇಲೇ ಆ ಮನೆಗೆ ನೆಮ್ಮದಿ.

ಒಂದರಲ್ಲಿ ಜಾತಿ, ಇನ್ನೊಂದರಲ್ಲಿ ಗಂಡೆಂಬ ಅಹಂಕಾರ. ಒಬ್ಬರು ಮೇಲೆ ಕೂತಕೂಡಲೇ ಒಲವು ಕೆಡುತ್ತದೆ ಅಂತ ಎರಡೂ ಹೇಳುತ್ತವೆ. ನಮ್ಮ ನಿಮ್ಮ ಸಂಸಾರಕ್ಕೂ ಇದು ಒಪ್ಪುವ ಮಾತಲ್ಲವೇ?

ಆದ್ದರಿಂದ ಇಂಥ ಕಥೆ ಕೈಗೆ ಬಂದರೆ ಮೂರು ವಿಷಯ ಗಮನಿಸಿ. ಜಗಳಕ್ಕೆ ನಿಜವಾದ ಕಾರಣ ಇದೆಯೇ? ಕೆಲಸ, ಆಸ್ತಿ, ಜಾತಿ, ಹಳೆಯ ಅವಮಾನ ಹೀಗೆ ಏನಾದರೂ ಇರಬೇಕು; ಸುಮ್ಮನೆ ಮೂತಿ ತಿರುವಿದರೆ ಸಾಲದು. ಕ್ಷಮೆ ಕೇಳಿದವಳು ಏನನ್ನಾದರೂ ಬಿಟ್ಟುಕೊಟ್ಟಳೇ? ಬಾಯಿಮಾತಿನ ಕ್ಷಮೆ ಉಪ್ಪಿಲ್ಲದ ಸಾರು. ಮೂರನೆಯದು, ಕೊನೆಗೆ ಇಬ್ಬರೂ ಬದುಕಿ ಉಳಿದರೇ? ಇಂಥ ಹೆಣ್ಣುಗಳನ್ನು ಕೊನೆಯ ಪುಟದಲ್ಲಿ ಬಾವಿಗೆ ನೂಕಿ ಕೈತೊಳೆದುಕೊಂಡ ಕಥೆಗಳಿವೆ. ಅಂಥದ್ದನ್ನೇ ಓದುತ್ತಾ ಹೋದರೆ ಹುಡುಗಿಯರು ಬದುಕಿಗೆ ಬೇರೆ ದಾರಿಯೇ ಇಲ್ಲ ಅಂದುಕೊಳ್ಳುತ್ತಾರೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ವಯಸ್ಸಿಗೆ ಬಂದವರು ಪರಸ್ಪರ ಒಪ್ಪಿ ಹೀಗೆ ಪ್ರೀತಿಸಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್‌ನಲ್ಲಿ ಕೊಡಲಿಲ್ಲ. ಅದು ಶಾಸನ ಮಾಡುವವರಿಗೆ ಬಿಟ್ಟದ್ದು ಎಂದಿತು.

ಕೋರ್ಟು ಏನೇ ಹೇಳಲಿ, ಮಗಳು ಮೊದಲು ನೋಡುವುದು ಅಮ್ಮನ ಮುಖ. ‘ನನಗೆ ಈ ಮದುವೆ ಬೇಡಮ್ಮ’ ಅಂತ ಅವಳು ಅಡಿಗೆಮನೆ ಬಾಗಿಲಲ್ಲಿ ನಿಂತಾಗ, ‘ಯಾವನೋ ಇದ್ದಾನೆ’ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಯಾವಳೋ ಇರಬಹುದು. ಒಲೆ ಸಣ್ಣಗೆ ಮಾಡಿ, ಅವಳ ಮಾತು ಮುಗಿಯುವ ತನಕ ಕೇಳಿ. ಉತ್ತರ ಅವತ್ತೇ ಕೊಡಬೇಕಾಗಿಲ್ಲ.