ಕಾರು ಕಾಲಿಡದ ಊರು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಆಲ್ಪ್ಸ್ ಪರ್ವತಗಳನ್ನು ಕಂಡವರಲ್ಲ. ಕಂಡಿದ್ದರೂ ಗಾದೆಯನ್ನು ತಿದ್ದುವ ಅಗತ್ಯ ಅವರಿಗೆ ತೋರುತ್ತಿರಲಿಲ್ಲ. ಕ್ಯಾಲೆಂಡರಿನ ಹಾಳೆಯಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ನೋಡಿದವರು ವಾಚಕರಲ್ಲಿ ಅನೇಕರಿರಬಹುದು. 4,478 ಮೀಟರು ಎತ್ತರದ ಕಲ್ಲಿನ ಕೋಡು, ಅದರ ಬುಡದಲ್ಲಿ ಹಿಮ ಹೊದ್ದ ಮರದ ಮನೆಗಳು, ಇಳಿಜಾರಿನಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಹಕ್ಕಿಗಳಂತೆ ಜಾರುವ ಜನರು: ಚಿತ್ರದಲ್ಲಿ ಎಲ್ಲವೂ ಸುಲಭವಾಗಿ ಕಾಣುತ್ತದೆ. ಆದರೆ ಅಲ್ಲಿ ಮನುಷ್ಯರು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು ಹೇಗೆ ಎಂಬುದನ್ನು ಯಾವ ಕ್ಯಾಲೆಂಡರೂ ಹೇಳುವುದಿಲ್ಲ. ಆ ಕಥೆಯೂ ಶಿಖರದಷ್ಟೇ ಸ್ವಾರಸ್ಯವಾದುದು.

ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದಲ್ಲಿ, ರೋನ್ ನದಿಯ ಕಣಿವೆಯಲ್ಲಿ, ಫಿಸ್ಪ್ ಎಂಬ ಪಟ್ಟಣವಿದೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಕಡಿದಾದ ಬಂಡೆಗೋಡೆಗಳ ನಡುವೆ ಇಕ್ಕಟ್ಟಾದ ಕಣಿವೆಯೊಂದು ಮೇಲೇರುತ್ತ ಹೋಗುತ್ತದೆ. ಅದರ ತುದಿಯಲ್ಲಿರುವ ಊರೇ ಝೆರ್ಮಾಟ್. ದೂರ ಸುಮಾರು 35 ಕಿಲೋಮೀಟರು. ಏರಬೇಕಾದ ಎತ್ತರ ಸುಮಾರು 950 ಮೀಟರು. ಹಿಂದೆ ಪ್ರವಾಸಿಗಳು ಈ ದಾರಿಯನ್ನು ಕಾಲ್ನಡಿಗೆಯಿಂದಲೋ ಹೇಸರಗತ್ತೆಯ ಬೆನ್ನೇರಿಯೋ ಸವೆಸುತ್ತಿದ್ದರು. 1865ರಲ್ಲಿ ಎಡ್ವರ್ಡ್ ವಿಂಪರನ ತಂಡ ಮೊತ್ತಮೊದಲಿಗೆ ಶಿಖರವನ್ನು ಮುಟ್ಟಿತು. ಇಳಿಯುವಾಗ ಏಳು ಮಂದಿಯಲ್ಲಿ ನಾಲ್ವರು ಬಿದ್ದು ಪ್ರಾಣ ಬಿಟ್ಟರು. ಆ ವಿಜಯವೂ ದುರಂತವೂ ಕೂಡಿ ಊರಿನ ಹೆಸರನ್ನು ಯೂರೋಪಿನಲ್ಲೆಲ್ಲ ಹರಡಿದವು. ಜನರು ಹೆಚ್ಚಿದರು, 1891ರಲ್ಲಿ ರೈಲು ಬಂದಿತು.

ಈ ರೈಲಿನ ರಚನೆ ವಿಶಿಷ್ಟವಾದುದು. ಏರು ಕಡಿದಾದಲ್ಲಿ ಎರಡು ಕಂಬಿಗಳ ನಡುವೆ ಹಲ್ಲುಗಳುಳ್ಳ ಮೂರನೆಯ ಪಟ್ಟಿಯನ್ನು ಹಾಸಿದ್ದಾರೆ. ಎಂಜಿನ್ನಿನ ಕೆಳಗಿರುವ ಹಲ್ಲಿನ ಚಕ್ರ ಅದನ್ನು ಕಚ್ಚಿ ಹಿಡಿದು ಬಂಡಿಯನ್ನು ಮೇಲಕ್ಕೆ ಒಯ್ಯುತ್ತದೆ. ಹಲ್ಲು ಕಚ್ಚಿ ಕೆಲಸ ಮಾಡುವುದು ಎಂಬ ನಮ್ಮ ನುಡಿಗಟ್ಟು ಇಲ್ಲಿ ಅಕ್ಷರಶಃ ಸತ್ಯ.

ರೈಲಿನೊಡನೆ ರಸ್ತೆಯೂ ಕಣಿವೆಯನ್ನೇರುತ್ತದೆ. ಆದರೆ ಪ್ರವಾಸಿಯ ಕಾರು ತೆಶ್ ಎಂಬ ಹಳ್ಳಿಯಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದಿನ ಐದು ಕಿಲೋಮೀಟರಿಗೆ ರಸ್ತೆಯಿದ್ದರೂ ಅನುಮತಿಪತ್ರವಿಲ್ಲದ ಕಾರಿಗೆ ಪ್ರವೇಶವಿಲ್ಲ. ಕೋಟ್ಯಧೀಶನಾದರೂ ಗಾಡಿಯನ್ನು ತೆಶ್‌ನಲ್ಲಿ ಬಿಡಬೇಕು; ಅಲ್ಲಿಂದ ಎಲ್ಲರೊಡನೆ ಹನ್ನೆರಡು ನಿಮಿಷಗಳ ರೈಲುಪಯಣ ಮಾಡುವುದು ವಾಡಿಕೆ. ಊರಿನೊಳಗೆ ಓಡುವವು ವಿದ್ಯುತ್ತಿನ ಪುಟ್ಟ ಬಂಡಿಗಳು. ಪೆಟ್ಟಿಗೆಗೆ ಚಕ್ರ ಕಟ್ಟಿದಂತೆ ಕಾಣುವ ಇವುಗಳನ್ನು ಆ ಊರಿನಲ್ಲಿಯೇ ತಯಾರಿಸುತ್ತಾರೆ. ಹೋಟೆಲುಗಳು ಅತಿಥಿಗಳ ಸಾಮಾನನ್ನು ತರಿಸುವುದು ಇವುಗಳಲ್ಲಿಯೇ. ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುವುದರಿಂದ ಹೊಸಬರು ಆಗಾಗ ತಿರುಗಿ ನೋಡುವುದು ಕ್ಷೇಮ. ಉಳಿದಂತೆ ನಡಿಗೆಯೇ ಗತಿ. ಊರು ಸಣ್ಣದು, ಆದರೆ ಹೆಗಲ ಮೇಲೆ ಹಲಗೆ ಹೊತ್ತು, ಕಲ್ಲಿನಂತೆ ಬಿಗಿದ ಬೂಟು ತೊಟ್ಟು ನಡೆಯುವವನಿಗೆ ಅರ್ಧ ಮೈಲಿಯೂ ಒಂದು ಯಾತ್ರೆಯೇ ಸರಿ.

ಊರಿನಿಂದ ಮೇಲಕ್ಕೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. 1898ರಲ್ಲಿ ಆರಂಭವಾದ ಗೊರ್ನರ್‌ಗ್ರಾಟ್ ರೈಲು 3,089 ಮೀಟರು ಎತ್ತರಕ್ಕೆ ಏರುತ್ತದೆ. ಆ ದೇಶದಲ್ಲಿ ವಿದ್ಯುತ್ತಿನಿಂದ ಓಡಿದ ಮೊದಲ ಹಲ್ಲುಕಂಬಿ ರೈಲು ಅದೇ. ಸುನ್ನೆಗ್ಗಾ ಎಂಬಲ್ಲಿಗೆ ಬೆಟ್ಟದೊಳಗಿನ ಸುರಂಗದಲ್ಲಿ ಹಗ್ಗವೆಳೆಯುವ ಬಂಡಿ 1980ರಿಂದ ಓಡುತ್ತಿದೆ. ಮೂರನೆಯದು ತೂಗುತೊಟ್ಟಿಲ ದಾರಿ. ಅದು 3,883 ಮೀಟರು ಎತ್ತರದ ಕಿರಿಯ ಮ್ಯಾಟರ್‌ಹಾರ್ನಿನ ನೆತ್ತಿಯ ಬಳಿ ಮುಗಿಯುತ್ತದೆ. ಅಲ್ಲಿ ಗಾಳಿ ತೆಳು. ಅವಸರದವರೂ ನಿಧಾನವಾಗಿ ಹೆಜ್ಜೆಯಿಡುವುದನ್ನು ಕಲಿಯುತ್ತಾರೆ. ಅಲ್ಲಿಂದ ಆಚೆಗೆ ಜಾರಿದರೆ ಇಟಲಿಯ ಚೆರ್ವೀನಿಯಾ. ಮಧ್ಯಾಹ್ನದ ಊಟಕ್ಕೆ ಇನ್ನೊಂದು ದೇಶಕ್ಕೆ ಹೋಗಿಬರಬಹುದು! ಆದರೆ ಹಿಂದಿರುಗುವ ಕಡೆಯ ತೊಟ್ಟಿಲು ತಪ್ಪಿತೋ, ಕೆಲವೇ ಮೈಲಿ ದೂರದ ಹಾಸಿಗೆಯನ್ನು ಸೇರಲು ಪರ್ವತಗಳನ್ನೆಲ್ಲ ಬಳಸಿ ಗಂಟೆಗಟ್ಟಲೆ ಕಾರಿನಲ್ಲಿ ಪಯಣಿಸಬೇಕು. ಬಿರುಗಾಳಿ ಎದ್ದರೆ ಹೊತ್ತಿಗೆ ಮೊದಲೇ ತೊಟ್ಟಿಲನ್ನು ನಿಲ್ಲಿಸುವುದೂ ಉಂಟು. ಬೆಟ್ಟದ ಮೇಲೆ ಗಡಿಯಾರಕ್ಕಿಂತ ಗಾಳಿಯ ಮಾತು ದೊಡ್ಡದು.

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಈ ಊರಿಗೂ ಹೊರಲೋಕಕ್ಕೂ ಇರುವ ನಂಟು ಒಂದೇ ಎಳೆಯದು. 1991ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತೆಶ್‌ನ ಕೆಳಗಿನ ರಾಂಡಾ ಎಂಬ ಹಳ್ಳಿಯ ಬಳಿ ಬೆಟ್ಟದ ಪಾರ್ಶ್ವವೇ ಕುಸಿಯಿತು. ಸುಮಾರು ಮೂರು ಕೋಟಿ ಘನಮೀಟರು ಬಂಡೆ ಕಣಿವೆಗುರುಳಿ ರಸ್ತೆಯನ್ನೂ ಕಂಬಿಯನ್ನೂ ಹೂಳಿತು. ನದಿಗೆ ಅಡ್ಡವಾಗಿ ನೀರು ಮಡುಗಟ್ಟಿತು. ಅದೃಷ್ಟವಶಾತ್ ಮನುಷ್ಯರ ಪ್ರಾಣಹಾನಿಯಾಗಲಿಲ್ಲ. 2018ರ ಜನವರಿಯಲ್ಲಿ ಹಿಮ ಜರಿದು ಬೀಳುವ ಭೀತಿಯಿಂದ ದಾರಿಗಳನ್ನೆಲ್ಲ ಮುಚ್ಚಿದಾಗ ಸುಮಾರು 13,000 ಪ್ರವಾಸಿಗಳು ಊರಿನಲ್ಲೇ ಉಳಿಯಬೇಕಾಯಿತು. ಹವೆ ತಿಳಿಯಾದಾಗ ಕೆಲವರನ್ನು ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿದರು.

ಪ್ರವಾಸಿಗೆ ಇದು ಮನೆಗೆ ಹೋಗಿ ಹೇಳಲು ಒಂದು ಕಥೆ. ಅಲ್ಲಿ ದುಡಿಯುವವರ ಪಾಡು ಬೇರೆ. ಊರಿನಲ್ಲಿ ಬಾಡಿಗೆ ದುಬಾರಿ. ಹೋಟೆಲುಗಳಲ್ಲಿ ಹಾಸಿಗೆ ಹಾಸುವ, ತಟ್ಟೆ ತೊಳೆಯುವ ಎಷ್ಟೋ ಜನರು ಕೆಳಗಿನ ಹಳ್ಳಿಗಳಲ್ಲಿ ವಾಸಿಸಿ ನಿತ್ಯವೂ ರೈಲಿನಲ್ಲಿ ಬಂದುಹೋಗುತ್ತಾರೆ. ಶ್ರೀಮಂತನನ್ನು ಆಟಕ್ಕೆ ಒಯ್ಯುವ ಬಂಡಿಯೇ ಇವರನ್ನು ಅನ್ನಕ್ಕೆ ಒಯ್ಯುತ್ತದೆ. ಕಂಬಿ ಮುಚ್ಚಿದ ದಿನ ಒಬ್ಬನಿಗೆ ಬೇಸರ, ಇನ್ನೊಬ್ಬಳಿಗೆ ಮನೆಯಲ್ಲಿ ಕಾದಿರುವ ಮಕ್ಕಳ ಚಿಂತೆ.

ಹಾಗಾದರೆ ಅಗಲವಾದ ರಸ್ತೆಯನ್ನು ಮಾಡಿ ಎಲ್ಲ ಕಾರುಗಳನ್ನೂ ಬಿಡಬಾರದೇ ಎಂದು ಕೇಳಬಹುದು. ಜರಿಯುವ ಬಂಡೆಯಾಗಲಿ ಹಿಮವಾಗಲಿ ರಸ್ತೆಯ ಅಗಲವನ್ನು ಅಳೆದು ಬೀಳುವುದಿಲ್ಲ. ಇಕ್ಕಟ್ಟಾದ ಆ ಕಣಿವೆಯಲ್ಲಿ ಕಾರಿಗೆ ಕೊಟ್ಟ ನೆಲವನ್ನು ಮನುಷ್ಯನಿಂದಲೇ ಕಿತ್ತುಕೊಳ್ಳಬೇಕು. ಹೊಗೆಯೂ ಅಲ್ಲಿಯೇ ತಂಗುತ್ತದೆ. ಬಾಗಿಲಿಗೆ ಕಾರು ಬರುವ ಸುಖವನ್ನು ಬಿಟ್ಟುಕೊಟ್ಟು ಆ ಜನರು ಮಕ್ಕಳು ನಿರ್ಭಯವಾಗಿ ನಡೆಯುವ ಬೀದಿಯನ್ನೂ ತಿಳಿಯಾದ ಗಾಳಿಯನ್ನೂ ಉಳಿಸಿಕೊಂಡಿದ್ದಾರೆ. ಆ ಗಾಳಿಯನ್ನು ಅರಸಿಯೇ ಲೋಕದ ಜನರು ತಮ್ಮ ಕಾರುಗಳನ್ನು ತೆಶ್‌ನಲ್ಲಿ ಬಿಟ್ಟು ಅಲ್ಲಿಗೆ ಹೋಗುತ್ತಿದ್ದಾರೆ.