ಅಘನಾಶಿನಿ ಬಳಚು: ಹುಟ್ಟೋದು ಲಕ್ಷಗಟ್ಟಲೆ, ಉಳಿಯೋದೆಷ್ಟು?

ಹಿರೇಗುತ್ತಿ: ನೀರು ಇಳಿದ ಹೊತ್ತಿಗೆ ಅಘನಾಶಿನಿ ಅಳಿವೆಯಲ್ಲಿ ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಹೆಕ್ಕುವವರನ್ನು ನಾವೆಲ್ಲ ಸಣ್ಣವರಿದ್ದಾಗಿಂದ ನೋಡಿದವರೇ. ಎಷ್ಟು ಹೆಕ್ಕಿದ್ರೂ ಮತ್ತೆ ಬರ್ತದೆ ಅನ್ನೋದು ನಮ್ಮ ಕಡೆ ನಂಬಿಕೆ. ಅದು ಅರ್ಧ ಮಾತ್ರ ಸರಿ.

2008ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಲ್ಲಿಯ ಚಿಪ್ಪಿಕಲ್ಲಿನ ಲೆಕ್ಕ ತೆಗೆದಿದ್ದರು. ವರ್ಷಕ್ಕೆ ಸುಮಾರು 22 ಸಾವಿರ ಟನ್, ಆಗಿನ ದರದಲ್ಲಿ 5.7 ಕೋಟಿ ರೂಪಾಯಿಗೂ ಹೆಚ್ಚು ಬೆಲೆ, 2,300ಕ್ಕೂ ಹೆಚ್ಚು ಜನರಿಗೆ ಕೆಲಸ. ಸರಾಸರಿ ತಲಾ 25 ಸಾವಿರದ ಹತ್ತಿರ. ಈ ದುಡ್ಡು ಬ್ಯಾಂಕಲ್ಲಿ ಕೂರೋದಲ್ಲ. ಅಕ್ಕಿ, ಎಣ್ಣೆ, ಮಕ್ಕಳ ನೋಟ್‌ಬುಕ್ ಅಂತ ಪೇಟೆ ಅಂಗಡಿಗೇ ಬರ್ತದೆ. ಹೊಳೆಯಲ್ಲಿ ಬಳಚು ಕಮ್ಮಿಯಾದ್ರೆ ಅಂಗಡಿಯ ಉದ್ರಿ ಪುಸ್ತಕ ದಪ್ಪ ಆಗ್ತದೆ, ಅಷ್ಟೇ.

ಬಳಚು ಮೊಟ್ಟೆ, ವೀರ್ಯ ಎರಡನ್ನೂ ನೀರಿಗೇ ಬಿಡ್ತದೆ. ಒಂದೊಂದು ಲಕ್ಷಗಟ್ಟಲೆ ಮೊಟ್ಟೆ ಬಿಟ್ರೂ ಹೆಚ್ಚಿನದು ಮೀನಿನ ಬಾಯಿಗೆ, ಇಲ್ಲವೇ ಸಮುದ್ರದ ಪಾಲಿಗೆ. ಉಳಿದ ಮರಿಗಳು ಒಂದೆರಡು ವಾರ ತೇಲಿ ಆಮೇಲೆ ಮರಳಲ್ಲಿ ನೆಲೆ ಹಿಡೀತವೆ. ಇಲ್ಲೊಂದು ಸೂಕ್ಷ್ಮ ಇದೆ. ದೊಡ್ಡ ಬಳಚು ಒತ್ತೊತ್ತಾಗಿ ಇದ್ರೆ ಮಾತ್ರ ಮೊಟ್ಟೆಗೆ ವೀರ್ಯ ಸಿಗೋದು. ದೂರ ದೂರ ಆದ್ರೆ ನೀರಲ್ಲೇ ವ್ಯರ್ಥ. ಅಂದ್ರೆ ಬಳಚು ಅರ್ಧಕ್ಕೆ ಇಳಿದ್ರೆ ಮರಿ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು. ಮರಿ ಹಾಕೋ ಮೊದಲೇ ಸಣ್ಣ ಸೈಜಿನದನ್ನು ಹೆಕ್ಕೋದು ಬೀಜದ ಭತ್ತ ಕುಟ್ಟಿ ಉಂಡಂಗೆ.

ಇನ್ನೊಂದು ಉಪ್ಪಿನ ವಿಷಯ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಬಳಚು ಸಾಯೋದು ಸಹಜ, ಮಳೆ ನಿಂತು ಉಪ್ಪು ಏರಿದ ಮೇಲೆ ಮತ್ತೆ ಚಿಗುರ್ತದೆ. ಆದ್ರೆ ಪಕ್ಕದ ಹೊನ್ನಾವರದ ಶರಾವತಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದ ಮೇಲೆ ಕರೆಂಟು ಮಾಡಿದ ನೀರು ಬೇಸಿಗೆಯಲ್ಲೂ ಕೆಳಗೆ ಬರ್ತಾ ಇದೆ, ಅಳಿವೆಯ ಉಪ್ಪು ಸಪ್ಪೆ. ಅಲ್ಲಿಯ ಚಿಪ್ಪಿಕಲ್ಲು ನಮ್ಮ ಹೊಳೆಗೆ ಹೋಲಿಸಿದ್ರೆ ಏನೂ ಅಲ್ಲ. ಅಘನಾಶಿನಿಗೆ ದೊಡ್ಡ ಆಣೆಕಟ್ಟು ಇಲ್ಲದಿರೋದೇ ನಮ್ಮ ಭಾಗ್ಯ.

ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಕೆರೆಯಲ್ಲಿ ವಿದೇಶಿ ಬೇಡಿಕೆಗೆ ಹೆಕ್ಕಿ ಹೆಕ್ಕಿ 1993ರ ಹೊತ್ತಿಗೆ ಇಳುವರಿ ಅರ್ಧಕ್ಕೆ ಕುಸಿದಿತ್ತು. ಆಮೇಲೆ ಡಿಸೆಂಬರ್‌ನಿಂದ ಫೆಬ್ರವರಿ ಮರಿ ಹಾಕೋ ಕಾಲಕ್ಕೆ ಹೆಕ್ಕೋದು ಬಂದ್, ಬಲೆ ಕಣ್ಣಿಗೆ ಅಳತೆ, ಸಣ್ಣದು ಮಾರೋ ಹಾಗಿಲ್ಲ ಅಂತ ಮಾಡಿದರು. ಬಳಚು ತಿರುಗಿ ಬಂತು. 2014ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ತು.

ನಮ್ಮ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಸಂತೋಷ. ಪಟ್ಟಿ ನೋಡಿ ಬಳಚು ಮರಿ ಹಾಕೋದಿಲ್ಲ. ಟ್ರಾಲ್ ಬೋಟಿಗೆ ಜೂನ್-ಜುಲೈ 61 ದಿನ ರಜೆ ಇದೆ. ಅಂಥದ್ದೇ ರಜೆ ಬಳಚಿಗೂ ಕೊಡೋದಾದ್ರೆ, ಆ ತಿಂಗಳುಗಳಲ್ಲಿ ಹೆಕ್ಕೋ ಹೆಂಗಸರ ಮನೆ ಒಲೆ ಹೇಗೆ ಉರಿಯಬೇಕು ಅನ್ನೋದನ್ನ ಮೊದಲು ಗ್ರಾಮಸಭೆಯಲ್ಲಿ ಯಾರಾದ್ರೂ ಎತ್ತಬೇಕು.