ದರ್ಶನವೂ ದಾಸ್ಯವಿಮೋಚನೆಯೂ

ದರ್ಶನಶಾಸ್ತ್ರವೆಂದೊಡನೆ ನಮ್ಮ ಕಾಲೇಜಿನ ವಿದ್ಯಾರ್ಥಿಯ ಕಣ್ಣಮುಂದೆ ನಿಲ್ಲುವುವು ಎರಡು: ಪ್ಲೇಟೋವಿನಿಂದ ಕಾಂಟನವರೆಗಿನ ಯುರೋಪಿನ ವಿಚಾರಪರಂಪರೆ ಒಂದು, ಪರೀಕ್ಷೆಗಾಗಿ ಕಂಠಪಾಠವಾದ ಷಡ್ದರ್ಶನಗಳ ಪಟ್ಟಿ ಇನ್ನೊಂದು. ಯುರೋಪಿನ ವೈಚಾರಿಕ ದಾಸ್ಯದಿಂದ ನಾವು ಬಿಡುಗಡೆ ಹೊಂದಬೇಕೆಂಬ ಮಾತು ವಿದ್ವದ್ಗೋಷ್ಠಿಗಳಲ್ಲಿ ಈಗ ಮತ್ತೆ ಮತ್ತೆ ಕೇಳಿಬರುತ್ತಿದೆ. ಮಾತು ಒಪ್ಪತಕ್ಕದ್ದೇ. ಆದರೆ ಪ್ಲೇಟೋವಿನ ಸ್ಥಾನದಲ್ಲಿ ಶಂಕರರ ಹೆಸರನ್ನು ಬರೆದ ಮಾತ್ರಕ್ಕೆ ಆ ಬಿಡುಗಡೆ ಲಭಿಸೀತೆ?

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಹಲಸೂರಿನಲ್ಲಿ ಶ್ರೀ ನಾರಾಯಣ ಸಮಿತಿಯ ಗುರುಮಂದಿರವಿದೆ. ಅಲ್ಲಿ ಪೂಜೆಗೊಳ್ಳುವ ಕೇರಳದ ನಾರಾಯಣಗುರುಗಳಿಗೂ ಬೆಂಗಳೂರಿಗೂ ಇರುವ ನಂಟು ಹಳೆಯದು. ಅವರ ಚಳವಳಿಗೆ ಬೆನ್ನೆಲುಬಾಗಿ ನಿಂತ ಡಾ. ಪಲ್ಪು ಮೈಸೂರು ಸಂಸ್ಥಾನದ ವೈದ್ಯರು. ಮದರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿದ್ದರೂ, ಈಳವ ಜಾತಿಯಲ್ಲಿ ಹುಟ್ಟಿದರೆಂದು ಹುಟ್ಟೂರಿನ ತಿರುವಾಂಕೂರು ಅವರಿಗೆ ಉದ್ಯೋಗ ನಿರಾಕರಿಸಿತು, ಮೈಸೂರು ಕೊಟ್ಟಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅವರು ಇಲ್ಲಿಯ ರೋಗಿಗಳ ನಡುವೆ ದುಡಿದರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು.

ಪಲ್ಪು ಅವರ ಮುಂದೆ ಬಾಗಿಲನ್ನು ಮುಚ್ಚಿದವರು ಆಂಗ್ಲರಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮುಚ್ಚಿದ್ದು ನಮ್ಮವರದೇ ಸಂಸ್ಥಾನ. ಅದಕ್ಕೆ ಆಧಾರವಾದದ್ದು ನಮ್ಮದೇ ಆಚಾರ. ಆದುದರಿಂದ ಪರಕೀಯವಾದುದನ್ನು ಕಳಚಿದರೆ ಸಾಕು, ಉಳಿಯುವುದೆಲ್ಲ ಸ್ವಾತಂತ್ರ್ಯವೆಂದು ಭಾವಿಸುವಂತಿಲ್ಲ.

ನಾರಾಯಣಗುರುಗಳು ಹೊಸ ಸಿದ್ಧಾಂತವನ್ನು ಅರಸದೆ ಅದ್ವೈತವನ್ನೇ ಕೈಗೆತ್ತಿಕೊಂಡರು. ಇರುವುದು ಒಂದೇ ಎಂಬುದು ದಿಟವಾದರೆ ಮುಟ್ಟಬಾರದವನು ಯಾರು? ಸಂಸ್ಕೃತದಲ್ಲಿ ‘ದರ್ಶನಮಾಲಾ’ವನ್ನು ರಚಿಸಿದ ಈ ವಿದ್ವಾಂಸರು ಆ ಪ್ರಶ್ನೆಯನ್ನು ಗ್ರಂಥದಲ್ಲಿಯೇ ಬಿಡಲಿಲ್ಲ. ಬ್ರಾಹ್ಮಣರಿಗೆ ಮಾತ್ರ ಸಲ್ಲುವುದೆಂದು ತಿಳಿದಿದ್ದ ಪ್ರತಿಷ್ಠಾಕಾರ್ಯವನ್ನು 1888ರಲ್ಲಿ ಅರುವಿಪ್ಪುರದಲ್ಲಿ ತಾವೇ ನೆರವೇರಿಸಿ ಶಿವನನ್ನು ನಿಲ್ಲಿಸಿದರು. 1927ರಲ್ಲಿ ಕಳವಂಕೋಡದ ಗುಡಿಯಲ್ಲಿ ಕನ್ನಡಿಯನ್ನೇ ಪ್ರತಿಷ್ಠಿಸಿದರು. ಒಳಹೊಕ್ಕವನು ತನ್ನನ್ನೇ ಕಂಡನು. ಇದಕ್ಕಿಂತ ಸರಳವಾದ ಭಾಷ್ಯ ಬೇರೆ ಬೇಕೆ?

ಯುರೋಪನ್ನು ಅವರ ಶಿಷ್ಯರು ದೂರವಿಡಲೂ ಇಲ್ಲ. 1895ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಪಲ್ಪು ಅವರ ಮಗ ನಟರಾಜಗುರುಗಳು ಪ್ಯಾರಿಸ್ಸಿನ ಸೊರ್ಬಾನಿನಲ್ಲಿ, ಶಿಕ್ಷಣದಲ್ಲಿ ಗುರುವಿನ ವ್ಯಕ್ತಿತ್ವಕ್ಕಿರುವ ಸ್ಥಾನವನ್ನು ಕುರಿತು ಫ್ರೆಂಚಿನಲ್ಲಿ ಪ್ರೌಢಪ್ರಬಂಧ ಬರೆದು ಡಾಕ್ಟರೇಟ್ ಪಡೆದರು.

ಸತ್ಯಶೋಧನೆಯೇ ದರ್ಶನದ ಕೆಲಸ, ಸಮಾಜಸುಧಾರಣೆ ಅನ್ಯರದು ಎಂದು ಆಕ್ಷೇಪಿಸಬಹುದು. ಆದರೆ ನಡೆಯಲ್ಲಿ ಹುಸಿಯಾಗುವುದು ನುಡಿಯಲ್ಲಿ ಹೇಗೆ ಸತ್ಯವಾದೀತು? ಹನ್ನೆರಡನೆಯ ಶತಮಾನದ ಶರಣರು ಇದನ್ನು ಕನ್ನಡದಲ್ಲಿಯೇ ಕೇಳಿದ್ದರು. ನಮ್ಮ ಕಾಲೇಜುಗಳಲ್ಲಿ ಅವರು ಬಹುಮಟ್ಟಿಗೆ ಕನ್ನಡದ ತರಗತಿಯಲ್ಲಿ ಕವಿಗಳಾಗಿ ಕುಳಿತಿದ್ದಾರೆ. ತತ್ತ್ವಶಾಸ್ತ್ರದ ಅಧ್ಯಾಪಕರು ಅವರನ್ನೂ ನಾರಾಯಣಗುರುಗಳನ್ನೂ ತಮ್ಮ ತರಗತಿಗೆ ಕರೆದುಕೊಳ್ಳಲಿ. ಕಾಂಟನೂ ಅಲ್ಲಿಯೇ ಇರಲಿ. ಚರ್ಚೆ ಮಾತ್ರ ಕನ್ನಡದಲ್ಲಿ ನಡೆಯಲಿ.